ತಮಿಗಳು ಎಲ್ಲಿಂದ ಬಂದವು

ನಮ್ಮ ಮನೆಯಲ್ಲಿ ನನ್ನದು ಅಂತ ಇದ್ದದ್ದು ಬೇರೆಯವರ ದನಿಗಳು ಮಾತ್ರ. ಅಂಗಿ ದೊಡ್ಡಪ್ಪನ ಮಗ ಹಾಕಿ ಬಿಟ್ಟದ್ದು, ಚಾಪೆಯಲ್ಲಿ ಅರ್ಧ ಅಕ್ಕ ಐರಿನ್‌ಳದ್ದು, ತಲೆಗೆ ಹಾಕುವ ಎಣ್ಣೆಯೂ ಅಜ್ಜಿಯ ಬಾಟ್ಲಿಯದ್ದು. ದನಿಗಳ ವಿಷಯದಲ್ಲಿ ಮಾತ್ರ ನಾನು ಶ್ರೀಮಂತ. ಹಿರಿಯಡ್ಕದ ಬಸ್ ನಿಲ್ದಾಣದಲ್ಲಿ ಏಜೆಂಟರಾಗಿದ್ದ ಪಪ್ಪ ಬೆಳಗಿನಿಂದ ಸಂಜೆಯವರೆಗೆ ಊರುಗಳ ಹೆಸರು ಕೂಗುವ ದನಿ, ಕಾಪುವಿನಿಂದ ಬಂದು ನಮ್ಮಲ್ಲೇ ಉಳಿದ ಅಜ್ಜಿ ಜಪಸರದ ಎರಡು ಮಣಿಗಳ ನಡುವೆ ಕೋಳಿಗೆ ಬೈಯುವ ದನಿ, ಇಗರ್ಜಿಯ ಪಾದ್ರಿಗಳು ಪ್ರಸಂಗದಲ್ಲಿ ನರಕದ ಹೆಸರೆತ್ತುವ ಮೊದಲು ಗಂಟಲು ಸರಿಮಾಡಿಕೊಳ್ಳುವ ಸದ್ದು, ಎಲ್ಲ ನನ್ನ ಬಾಯಲ್ಲಿತ್ತು. ಸಿಕ್ಕಿಬಿದ್ದು ಪೆಟ್ಟು ತಿಂದರೆ ಮರುದಿನ ನನ್ನದೇ ಅಳುವನ್ನು ಅಣಕಿಸಿ ಅಕ್ಕನನ್ನು ನಗಿಸುತ್ತಿದ್ದೆ. ನಿಜವಾದ ಅಳುವಿಗಿಂತ ಅದೇ ಚೆನ್ನಾಗಿರುತ್ತಿತ್ತು ಎಂದು ಅವಳು ಈಗಲೂ ಹೇಳುತ್ತಾಳೆ. ನಮ್ಮ ಮನೆಮಾತು ಕೊಂಕಣಿ. ಈ ಕತೆಯಲ್ಲಿ ಎಲ್ಲರೂ ಕನ್ನಡದಲ್ಲಿ ಮಾತಾಡುತ್ತಾರೆ. ಅದನ್ನೂ ನನ್ನ ಅಣಕು ಎಂದೇ ಇಟ್ಟುಕೊಳ್ಳಿ.

ಒಂದು ದನಿ ಮಾತ್ರ ನನಗೆ ಸಿಗಲಿಲ್ಲ, ಅಮ್ಮನದ್ದು. ಸಿಗದಿರಲು ಕಾರಣ ಸುಲಭ: ಆ ಕಾಲದಲ್ಲಿ ಅಮ್ಮ ಮಾತಾಡುತ್ತಲೇ ಇರಲಿಲ್ಲ. ಹಿಂದಿನ ಬೇಸಿಗೆಯಲ್ಲಿ ಅವಳಿಗೆ ಹೆರಿಗೆಯಾಗಿತ್ತು. ಅಕ್ಕನನ್ನೂ ನನ್ನನ್ನೂ ಅವತ್ತು ನಿಲ್ದಾಣದ ಅಂಗಡಿಯ ಶೀನಣ್ಣನ ಮನೆಗೆ ಕಳಿಸಿದ್ದರು. ಅಲ್ಲಿ ಹೊಟ್ಟೆತುಂಬ ಪತ್ರೊಡೆ ತಿಂದು ಸಂಜೆ ತಿರುಗಿ ಬಂದಾಗ ಪಪ್ಪನ ಸೈಕಲ್ ಅಂಗಳದಲ್ಲಿ ಅಡ್ಡ ಬಿದ್ದಿತ್ತು, ಅಟ್ಟದಿಂದ ಇಳಿಸಿ ತೊಳೆದಿಟ್ಟಿದ್ದ ತೊಟ್ಟಿಲು ಅಟ್ಟಕ್ಕೇ ಹೋಗಿತ್ತು. ಸುದ್ದಿ ಕೇಳಿ ಕಾಪುವಿನಿಂದ ಬಂದ ಅಜ್ಜಿ ನಮ್ಮನ್ನು ಹತ್ತಿರ ಕೂರಿಸಿಕೊಂಡು, ಮಗು ಉಸಿರಿಲ್ಲದೇ ಹುಟ್ಟಿತು, ದೇವರ ಮನಸ್ಸು ಹಾಗಿತ್ತು, ಇನ್ನು ಆ ಮಾತು ಈ ಮನೆಯಲ್ಲಿ ಬೇಡ ಎಂದಳು. ಮನೆಯೋ ಮೂರೇ ಕೋಣೆಯದ್ದು. ನಡುವಿನ ಕೋಣೆಯಲ್ಲಿ ಸಂತರ ಪಟಗಳಿದ್ದ ಆಲ್ತಾರು, ಆಚೆ ಅಡಿಗೆಕೋಣೆ, ಈಚೆ ನಾವು ಮಲಗುವಲ್ಲಿ ಪಪ್ಪನ ಖಾಕಿ ಅಂಗಿ ತೂಗುವ ಮೊಳೆ. ಅಷ್ಟು ಚಿಕ್ಕ ಮನೆಯಲ್ಲಿ ಒಂದು ಮಾತನ್ನು ಅಡಗಿಸಿಡಲು ಜಾಗವೇ ಇರಲಿಲ್ಲ. ಅದು ಎಲ್ಲ ಕಡೆ ಕಾಲಿಗೆ ತಾಗುತ್ತಿತ್ತು. ಪಪ್ಪ ಬೀದಿಯಲ್ಲಿ ಇಡೀ ದಿನ ಕೂಗಿ ಬಂದು ಮನೆಯಲ್ಲಿ ಬಾಯಿ ಮುಚ್ಚಿ ಗಂಜಿ ಉಣ್ಣುವರು. ಅಮ್ಮ ಬಡಿಸುವಳು. ಸೌಟು ಪಾತ್ರೆಗೆ ತಾಗುವ ಸದ್ದೇ ಅವರಿಬ್ಬರ ಮಾತುಕತೆ.

ಅಂಥ ಮನೆಗೆ ತಮಿಗಳು ಬಂದವು. ಆಕಾಶಕ್ಕೆ ಮನುಷ್ಯರನ್ನು ಕಳಿಸಿದ್ದಾರಂತೆ ಎಂದು ನಿಲ್ದಾಣದಲ್ಲಿ ಎಲ್ಲರೂ ಕತ್ತು ಮೇಲೆತ್ತಿ ಮಾತಾಡುತ್ತಿದ್ದ ಕಾಲ ಅದು. ವಾರಪತ್ರಿಕೆಯೊಂದರಲ್ಲಿ ಹೊಸ ಧಾರಾವಾಹಿ ಶುರುವಾಗಿತ್ತು. ದೂರದ ಯಾವುದೋ ಗ್ರಹ, ಅದಕ್ಕೊಬ್ಬ ಚಂದ್ರ, ಆ ಚಂದ್ರನಲ್ಲಿ ಬೆಳಕೇ ಕಾಣದ ಗುಹೆಗಳು. ಭೂಮಿಯಿಂದ ಹೋದ ಯಾತ್ರಿಕರು ಅಲ್ಲಿ ದೀಪ ಹಚ್ಚಿದರೆ ಸುತ್ತ ಬಂದು ಒತ್ತೊತ್ತಾಗಿ ಕೂರುವ ಪುಟ್ಟ ಜೀವಿಗಳು. ಬೂದಿಬಣ್ಣ, ದೊಡ್ಡ ತಲೆ, ಮುಚ್ಚಿದ ಕಣ್ಣು. ಮಾತಿಲ್ಲ, ಸಣ್ಣದೊಂದು ಸದ್ದು ಮಾತ್ರ. ಬರೆದವರು ಅವಕ್ಕೆ ತಮಿಗಳು ಎಂದು ಹೆಸರಿಟ್ಟಿದ್ದರು. ಅವು ಎಲ್ಲಿಂದ ಬಂದವು, ಯಾರ ಸಂತಾನ ಎನ್ನುವುದನ್ನು ಮಾತ್ರ ವಾರವಾರವೂ ಮುಂದೂಡುತ್ತಿದ್ದರು. ಪತ್ರಿಕೆಯ ಕಟ್ಟು ಉಡುಪಿಯಿಂದ ಬಸ್ಸಿನಲ್ಲಿ ಶೀನಣ್ಣನ ಅಂಗಡಿಗೆ ಬರುವುದು. ಇಳಿಸಿಕೊಳ್ಳುವವರು ಪಪ್ಪ. ಆ ಕಟ್ಟಿನಿಂದ ಒಂದು ಪ್ರತಿ ಒಂದು ಸಂಜೆಯ ಮಟ್ಟಿಗೆ ನಮ್ಮ ಮನೆಗೆ ಬಂದು, ಮರುದಿನ ಬೆಳಿಗ್ಗೆ ಮಡಿಕೆ ಕಾಣದ ಹಾಗೆ ಅಂಗಡಿಯ ಹಗ್ಗದಲ್ಲಿ ಹೋಗಿ ತೂಗಬೇಕು. ಆದ್ದರಿಂದ ಕೈ ತೊಳೆದು, ತೇರ್ಸ್ ಮುಗಿಸಿ ಓದುವುದು. ತೇರ್ಸ್ ಎಂದರೆ ಸಂಜೆ ಮನೆಮಂದಿಯೆಲ್ಲ ಆಲ್ತಾರಿನ ಮುಂದೆ ಮೊಣಕಾಲೂರಿ ಹೇಳುವ ಜಪ. ಅದು ಮುಗಿದು, ಹಿರಿಯರಿಗೆ ಕೈಮುಗಿದು ಆಶೀರ್ವಾದ ತೆಗೆದುಕೊಂಡ ಮೇಲೆ ಅಕ್ಕ ಓದುವಳು, ಪಾತ್ರಗಳ ಮಾತು ಬಂದಾಗ ನಾನು. ಅಜ್ಜಿಗೆ ಅಷ್ಟರಲ್ಲಿ ಜಪ ಯಾವುದು ಕತೆ ಯಾವುದು ಎಂದು ಗೊತ್ತಾಗದೆ, ಯಾತ್ರಿಕರ ನಾಯಕ ಅಪಾಯಕ್ಕೆ ಸಿಕ್ಕಿದಾಗಲೆಲ್ಲ 'ಆಮೆನ್' ಎನ್ನುವಳು.

ತಮಿಗಳ ಮೂಲದ ಬಗ್ಗೆ ಮೊದಲ ಜಗಳ ಗಂಜಿಯ ಮುಂದೆಯೇ ಆಯಿತು.

"ಅವು ಮೀನಿನಿಂದ ಬಂದದ್ದು. ಮೊದಲು ಅಲ್ಲಿ ನೀರಿತ್ತು, ನೀರು ಆರಿದ ಮೇಲೆ ಗುಹೆ ಹೊಕ್ಕವು. ನಮ್ಮ ಟೀಚರು ಹೇಳಿದ ಪಾಠಕ್ಕೆ ಸರಿ ಹೊಂದ್ತದೆ" ಎಂದಳು ಅಕ್ಕ.

"ಮೀನಾ? ಹಾಗಾದ್ರೆ ಮುಳ್ಳು ಎಲ್ಲಿ?" ಎಂದೆ ನಾನು.

"ನಿನ್ನ ಗಂಟಲಲ್ಲಿ."

ಪಪ್ಪನಿಗೂ ಆ ಸಂಜೆ ಬಾಯಿ ಬಂತು. "ಅದೆಲ್ಲ ಅಲ್ಲ. ಭೂಮಿಯಿಂದಲೇ ಯಾವುದೋ ಕಾಲದಲ್ಲಿ ಹೋದವರು. ವಾಪಸು ಬರುವ ಗಾಡಿ ತಪ್ಪಿತು. ಅಲ್ಲೇ ಉಳಿದು ಉಳಿದು ಹಾಗಾದರು."

"ಅಲ್ಲಿಯೂ ಲಾಸ್ಟ್ ಬಸ್ ಉಂಟಾ ಪಪ್ಪ?" ಎಂದೆ. ಪಪ್ಪ ನಕ್ಕರು. ಬಹಳ ಸಮಯದ ನಂತರ ಆ ಮನೆಯಲ್ಲಿ ದೊಡ್ಡವರೊಬ್ಬರು ನಕ್ಕದ್ದು. ಒಲೆಯ ಹತ್ತಿರ ನಮಗೆ ಬೆನ್ನು ಮಾಡಿ ಕೂತಿದ್ದ ಅಮ್ಮ ತಿರುಗಿ ನೋಡಿದಳು. ಆಗಲೇ ಅಜ್ಜಿ, ಕೈಯಲ್ಲಿದ್ದ ಒಣಮೀನಿನ ತುಂಡನ್ನು ತಟ್ಟೆಯಲ್ಲಿಟ್ಟು, ಯಾರನ್ನೂ ನೋಡದೆ ಹೇಳಿದ್ದು:

"ನೀವೆಲ್ಲ ದೊಡ್ಡ ಬುದ್ಧಿವಂತರು. ಕಣ್ಣು ಬಿಟ್ಟಿಲ್ಲ, ಮಾತು ಬರುದಿಲ್ಲ, ಕತ್ತಲೆಯಲ್ಲಿ ಇರುದು, ಬೆಳಕು ಕಂಡರೆ ಬರುದು. ಮತ್ತೆಂತ ಬೇಕು? ಅವು ಜ್ಞಾನಸ್ನಾನ ಆಗದೆ ಸತ್ತ ಮಕ್ಕಳು. ಲಿಂಬೊದಲ್ಲಿ ಇರುವ ಮಕ್ಕಳು."

ಲಿಂಬೊ ಏನೆಂದು ನಮಗೆಲ್ಲ ಗೊತ್ತಿತ್ತು. ತಲೆಯ ಮೇಲೆ ಜ್ಞಾನಸ್ನಾನದ ನೀರು ಬೀಳುವ ಮೊದಲೇ ಸತ್ತ ಶಿಶುಗಳು ಸ್ವರ್ಗಕ್ಕೂ ಹೋಗುವುದಿಲ್ಲ, ನರಕಕ್ಕೂ ಇಲ್ಲ, ನೋವೂ ಬೆಳಕೂ ಇಲ್ಲದ ಒಂದು ಜಾಗದಲ್ಲಿ ಉಳಿಯುತ್ತವೆ ಎಂದು ನಮಗೆ ಕಲಿಸಿದ್ದರು. ಅವನ್ನು ಹೂಳುವುದೂ ಸ್ಮಶಾನದ ಗೋಡೆಯ ಹೊರಗೆ. ಪಪ್ಪ ತಟ್ಟೆಯಲ್ಲೇ ಕೈ ತೊಳೆದರು. ಅಜ್ಜಿ ತನ್ನ ಬಾಯಿಂದ ಏನು ಹೊರಬಿತ್ತೆಂದು ತಿಳಿದವಳಂತೆ, ಹೊರಗೆ ಇಲ್ಲದ ಕೋಳಿಯೊಂದಕ್ಕೆ ಬೈಯಲು ಎದ್ದು ಹೋದಳು.

ಮುಂದಿನ ವಾರದ ಕಂತಿನಲ್ಲಿ ತಮಿಗಳ ಸದ್ದು ಬಂತು. ಯಾತ್ರಿಕರಲ್ಲೊಬ್ಬ ದೀಪ ಆರಿಸಿದಾಗ ಅವು ಒಟ್ಟಿಗೆ ಸದ್ದು ಮಾಡಿದವು ಎಂದಷ್ಟೇ ಬರೆದಿತ್ತು. ಯಾವ ಥರದ್ದು ಎಂದು ಬರೆದಿರಲಿಲ್ಲ. ನನ್ನಂಥವನಿಗೆ ಅದು ಹಬ್ಬ. ಬಾವಿಯ ರಾಟೆಯ ಕಿರುಗುಟ್ಟುವಿಕೆಗೆ ಬೆಕ್ಕಿನ ಮರಿಯನ್ನು ಬೆರೆಸಿ, ಮೂಗು ಒತ್ತಿ ಹಿಡಿದು, ನಾನೊಂದು ಸದ್ದು ಹೊರಡಿಸಿದೆ. ಅಕ್ಕ ಭೇಷ್ ಎಂದಳು. ಅಡಿಗೆಕೋಣೆಯಿಂದ ಮಾತು ಬಂತು.

"ಅಷ್ಟು ದೊಡ್ಡದಲ್ಲ."

ನಾವೆಲ್ಲ ತಿರುಗಿ ನೋಡಿದೆವು. ಅಮ್ಮ ಬಾಗಿಲಲ್ಲಿ ನಿಂತಿದ್ದಳು, ಕೈಯಲ್ಲಿ ಅರ್ಧ ತುರಿದ ತೆಂಗಿನಕಾಯಿ.

"ಸಣ್ಣದು. ಮೂಗಿನಿಂದ ಅಲ್ಲ" ಎಂದು ಹೇಳಿ ಒಳಗೆ ಹೋದಳು.

ಮರುದಿನ ಮಧ್ಯಾಹ್ನ ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ನನ್ನನ್ನು ಕರೆದಳು. "ವಾಲ್ಟಿ, ಪುತಾ, ನಿನ್ನೆಯದ್ದು ಇನ್ನೊಮ್ಮೆ ಮಾಡು" ಎಂದಳು. ಮಾಡಿದೆ. ತಲೆಯಾಡಿಸಿದಳು. ಇನ್ನೂ ತೆಳು, ಎಂದಳು. ಮತ್ತೆ ಮಾಡಿದೆ. ಕೊನೆ ಹಾಗಲ್ಲ, ಕೊನೆ ಇಲ್ಲವೇ ಇಲ್ಲ, ನಡುವಿನಲ್ಲೇ ನಿಲ್ಲುತ್ತದೆ, ಆಮೇಲೆ ಇನ್ನೊಂದು ಅದಕ್ಕಿಂತ ಸಣ್ಣದು, ಎಂದಳು. ನನಗೆ ಅಮ್ಮ ನನ್ನ ಹತ್ತಿರ ಅಷ್ಟು ಮಾತಾಡುತ್ತಿದ್ದಾಳೆ ಎನ್ನುವ ಸಂತೋಷವೇ ಸಂತೋಷ. ಊರಿನಲ್ಲಿ ಇಂಥ ಕಲಾವಿದ ಇನ್ನೊಬ್ಬನಿಲ್ಲ ಎಂದು ಎದೆಯುಬ್ಬಿಸಿಕೊಂಡು, ಸಾಬೂನಿನ ನೊರೆಯ ನಡುವೆ ಕೋಳಿಯಂತೆ ನಿಂತು, ಹೇಳಿದಂತೆ ತಿದ್ದುತ್ತ ಹೋದೆ. ಎಷ್ಟೋ ಸಲ ಆದ ಮೇಲೆ ಗಂಟಲಿನ ಯಾವುದೋ ಮೂಲೆಯಿಂದ ಅದು ಬಂತು. ಬರುವಾಗಲೇ ಬಂತೆಂದು ಗೊತ್ತಾಯಿತು. ಅಮ್ಮ ಕಲ್ಲಿಗೆ ಎರಡೂ ಕೈ ಊರಿ ನಿಂತಳು.

"ಹಾಂ. ಹೀಗೆಯೇ. ನಾನು ಕೇಳಿದ್ದು ಹೀಗೆಯೇ. ಕನಸಲ್ಲ ಅದು" ಎಂದಳು.

ಅವಳು ಯಾವಾಗ, ಎಲ್ಲಿ ಕೇಳಿದ್ದು ಎಂದು ನಾನು ಕೇಳುವ ಮೊದಲೇ ಅವಳ ಕಣ್ಣು ನನ್ನ ಹಿಂದಕ್ಕೆ ಹೋಯಿತು. ಊಟಕ್ಕೆಂದು ಬಂದ ಪಪ್ಪ ಅಂಗಳದ ತುದಿಯಲ್ಲಿ ಸೈಕಲ್ ಹಿಡಿದು ನಿಂತಿದ್ದರು. ಬಸ್ ತಪ್ಪಿದವರ ಮುಖ ನಾನು ನಿಲ್ದಾಣದಲ್ಲಿ ಬೇಕಾದಷ್ಟು ನೋಡಿದ್ದೆ. ಬಸ್ಸಿನ ಅಡಿಗೇ ಬಿದ್ದವರ ಮುಖ ನೋಡಿರಲಿಲ್ಲ. ಇಬ್ಬರೂ ಒಬ್ಬರನ್ನೊಬ್ಬರು ನೋಡಿಕೊಂಡರು. ಪಪ್ಪ ಉಣ್ಣದೆ ಸೈಕಲ್ ತಿರುಗಿಸಿಕೊಂಡು ಹೋದರು. ಆ ವಾರದಿಂದ ಪತ್ರಿಕೆ ಮನೆಗೆ ಬರುವುದು ನಿಂತಿತು.

"ಹಾಳು ಕತೆ. ಮಕ್ಕಳ ತಲೆ ಕೆಡ್ತದೆ" ಎಂದರು ಅಜ್ಜಿಯ ಹತ್ತಿರ.

"ಕೆಡುದು ಮಕ್ಕಳದ್ದಲ್ಲ. ನಾನಾಗಿ ಬಾಯಿ ಬಿಟ್ಟು ಕೆಡಿಸಿದೆ" ಎಂದಳು ಅಜ್ಜಿ. ಆಮೇಲೆ ಸಣ್ಣ ದನಿಯಲ್ಲಿ, "ಪಾಸ್ಕಾಲ್, ಅವಳಿಗೆ ಹೇಳಿಬಿಡುವುದು ಒಳ್ಳೆಯದೋ ಏನೋ" ಎಂದಳು. ಪಪ್ಪ ಖಾಕಿ ಅಂಗಿ ಹಾಕಿಕೊಂಡು ನಡೆದರು.

ಪತ್ರಿಕೆ ಬಾರದಿದ್ದರೆ ಅಮ್ಮ ಸುಮ್ಮನಾಗುತ್ತಾಳೆ ಎಂದು ಪಪ್ಪ ಲೆಕ್ಕ ಹಾಕಿದ್ದರೆ ಅದು ತಪ್ಪಿತು. ಅವಳು ನನ್ನನ್ನೇ ಶೀನಣ್ಣನ ಅಂಗಡಿಗೆ ಕಳಿಸತೊಡಗಿದಳು. ಬೆಲ್ಲ ತಾ, ಉಪ್ಪು ತಾ ಎಂದು ನೆಪ, ಕತೆ ತಾ ಎಂದು ಕೆಲಸ. ಹಗ್ಗದಲ್ಲಿ ತೂಗುವ ಪತ್ರಿಕೆಯನ್ನು ಶೀನಣ್ಣನ ಕಣ್ಣೆದುರು ನಿಂತೇ ಓದಿ, ಬಾಯಲ್ಲಿ ತುಂಬಿಕೊಂಡು ಬಂದು, ಒಲೆಯ ಮುಂದೆ ಬಿಚ್ಚುತ್ತಿದ್ದೆ. ಅಮ್ಮ ಕತೆಗಿಂತ ಹೆಚ್ಚಾಗಿ ಪ್ರಶ್ನೆ ಕೇಳುವಳು. ಅಲ್ಲಿ ಚಳಿ ಉಂಟಾ? ಅವಕ್ಕೆ ತಿನ್ನಲು ಏನು? ದೊಡ್ಡವು ಸಣ್ಣವನ್ನು ನೋಡಿಕೊಳ್ಳುತ್ತವಾ, ಅಥವಾ ಎಲ್ಲವೂ ಒಂದೇ ಪ್ರಾಯದವಾ? ಕತೆಯಲ್ಲಿ ಇಲ್ಲದ್ದಕ್ಕೆ ನಾನು ನನ್ನ ತಲೆಯಿಂದ ಉತ್ತರ ಕೊಡುತ್ತಿದ್ದೆ. ಚಳಿ ಅಷ್ಟೇನಿಲ್ಲ ಮಾಂಯ್, ಒತ್ತಿ ಕೂರುತ್ತವಲ್ಲ, ಎನ್ನುತ್ತಿದ್ದೆ. ಅಮ್ಮನನ್ನು ನಾವು ಕರೆಯುತ್ತಿದ್ದದ್ದು ಮಾಂಯ್ ಎಂದು. ಅವಳು ಬೆಂಕಿ ನೋಡುತ್ತ ಕೇಳುವಳು.

ಅಂಗಡಿಯ ಬೆಂಚಿನ ಮೇಲೆ ಬೇರೆಯೇ ಮಹಾಸಭೆ ನಡೆಯುತ್ತಿತ್ತು. ಕಾರ್ಕಳದ ಬಸ್ಸಿಗೆ ಕಾಯುವವರು, ಬಜಗೋಳಿಯ ಕಡೆಯಿಂದ ಸಂತೆಗೆ ಬಂದವರು, ಎಲ್ಲರಿಗೂ ತಮಿಗಳ ಮೂಲದ ಬಗ್ಗೆ ಒಂದೊಂದು ಖಚಿತವಾದ ಅಭಿಪ್ರಾಯ. ಶೀನಣ್ಣ ಬೀಡಿಯ ಕಟ್ಟು ಬಿಚ್ಚುತ್ತ ತೀರ್ಪು ಕೊಡುವನು.

"ಪಾತಾಳದವರು ಮಾರಾಯ. ಎಲ್ಲ ಕಡೆ ಪಾತಾಳ ಉಂಟು, ಚಂದ್ರನಲ್ಲಿ ಇರ್ಲಿಕ್ಕಿಲ್ವಾ? ಅವು ಭೂಮಿ ಕಾಯುವಂಥವು. ಆ ಯಾತ್ರಿಕರು ಕೇಳದೆ ಅಗೆದದ್ದೇ ತಪ್ಪು. ಅನುಭವಿಸ್ತಾರೆ ನೋಡು."

"ನಿನ್ನ ಪಾತಾಳ ಬಿಡು ಶೀನಣ್ಣ" ಎಂದ ಅವತ್ತು ಬೆಂಚಿನ ತುದಿಯಲ್ಲಿದ್ದ ಹುಡುಗ. ಮಣಿಪಾಲದಲ್ಲಿ ಡಾಕ್ಟರ್ ಕಲಿಯುತ್ತಿದ್ದವ, ಬೆಳ್ಳಗಿನ ಅಂಗಿ, ಮಾತಿಗೊಮ್ಮೆ ಕೂದಲು ಹಿಂದೆ ತಳ್ಳುವ ಚಾಳಿ. "ನಾನು ಹೇಳ್ತೇನೆ ಕೇಳಿ. ಚಿತ್ರ ಬರೆದವ ಯಾವುದನ್ನು ನೋಡಿ ಬರೆದಿದ್ದಾನೆ ಅಂತ ನನಗೆ ಗೊತ್ತುಂಟು. ನಮ್ಮಲ್ಲಿ ಕಲಿಯುವವರಿಗೆ ಅಂತ ಗಾಜಿನ ಭರಣಿಯಲ್ಲಿ ಇಟ್ಟಿದ್ದಾರೆ. ಹೊಟ್ಟೆಯಲ್ಲೇ ಹೋದದ್ದು, ಹುಟ್ಟುವಾಗ ಹೋದದ್ದು. ಇದೇ ತಲೆ, ಇದೇ ಮುಚ್ಚಿದ ಕಣ್ಣು, ಇದೇ ಬಣ್ಣ. ಯಾರೋ ವಿಜ್ಞಾನಿ ಅಂಥವಕ್ಕೆ ಜೀವ ಕೊಟ್ಟು ಅಲ್ಲಿ ಬಿಟ್ಟದ್ದು. ಕೊನೆಗೆ ಇದೇ ಬರ್ತದೆ ಬೇಕಾದ್ರೆ ಬರೆದಿಡಿ."

ಬೆಂಚು ದಂಗಾಯಿತು. ಶೀನಣ್ಣ ಬೀಡಿಗೆ ಬೆಂಕಿ ಹಚ್ಚುವುದನ್ನೇ ಮರೆತ. ನಾನು ಆ ಹುಡುಗನ ಕೂದಲು ತಳ್ಳುವ ಚಂದವನ್ನೂ ಸೇರಿಸಿ ಎಲ್ಲವನ್ನೂ ಮನೆಗೆ ತಂದೆ. ಅಷ್ಟು ಹೊಸ ದನಿ ಸಿಕ್ಕಿದ ಮೇಲೆ ಇಟ್ಟುಕೊಳ್ಳುವ ಜನ ನಾನಲ್ಲ. ಭರಣಿಯ ಮಾತು ಬಂದಾಗ ಅಮ್ಮನ ಕೈಯಲ್ಲಿದ್ದ ಊದುಕೊಳವೆ ನಿಂತಿತು.

"ಭರಣಿಯಲ್ಲಿ? ಯಾರ ಮಕ್ಕಳು?"

"ಯಾರದ್ದೋ. ಹುಟ್ಟುವಾಗಲೇ ಹೋದದ್ದಂತೆ."

"ಅವರಿಗೆ ಯಾರು ಕೊಡುದು?"

ಅದು ಆ ಹುಡುಗ ಹೇಳಿರಲಿಲ್ಲ. ಗೊತ್ತಿಲ್ಲ ಮಾಂಯ್ ಎಂದೆ. ಅವತ್ತು ಅನ್ನ ತಳ ಹಿಡಿಯಿತು. ಆಮೇಲಿನ ದಿನಗಳಲ್ಲಿ ಅವಳು ಬಾವಿಕಟ್ಟೆಯಲ್ಲಿ ಕೊಡ ತುಂಬಿದ ಮೇಲೂ ಹಗ್ಗ ಹಿಡಿದು ನಿಂತೇ ಇರುವಳು. ಅಕ್ಕ ಹೋಗಿ ಮೊಣಕೈ ಮುಟ್ಟಿದರೆ ಬೆಚ್ಚುವಳು. ಅಜ್ಜಿ ದೃಷ್ಟಿಗೆ ಉಪ್ಪು ನಿವಾಳಿಸಿದಳು, ಸಂತ ಅಂತೋನಿಗೆ ಹರಕೆ ಹೊತ್ತಳು. ನಾನು ಶೀನಣ್ಣನನ್ನು, ಪಾದ್ರಿಗಳನ್ನು, ಹಿರಿಯಡ್ಕದ ಪೇಟೆಯನ್ನೇ ಕರೆತಂದು ಅಡಿಗೆಕೋಣೆಯಲ್ಲಿ ಕುಣಿಸಿದೆ. ಅಮ್ಮ ನನ್ನನ್ನು ನೋಡುತ್ತಿದ್ದಳು, ಆದರೆ ಗಾಜಿನ ಆಚೆ ಇರುವುದನ್ನು ನೋಡುವ ಹಾಗೆ.

ಹಾಗಿರುವಾಗಲೇ ಧಾರಾವಾಹಿ ಮುಗಿಯಿತು. ಮುಗಿಯಿತು ಎನ್ನುವುದಕ್ಕಿಂತ ನಿಂತಿತು. ಯಾತ್ರಿಕರ ಗಾಡಿಯಲ್ಲಿ ಇಂಧನ ಕಡಿಮೆ, ಹೊರಡಬೇಕು. ಹೊರಟರು. ತಮಿಗಳು ಗುಹೆಯ ಬಾಯಿಯವರೆಗೆ ಬಂದು ನಿಂತವು. ಅವು ಎಲ್ಲಿಂದ ಬಂದವು ಎನ್ನುವುದು ಎಂದಾದರೂ ತಿಳಿದೀತೇ, ಎಂದು ಒಂದು ಸಾಲು ಬರೆದು, ಕೆಳಗೆ ಕೂದಲೆಣ್ಣೆಯ ಜಾಹೀರಾತು ಹಾಕಿದ್ದರು. ಶೀನಣ್ಣ ಪತ್ರಿಕೆಯನ್ನು ತಿರುಗಿಸಿ ತಿರುಗಿಸಿ ನೋಡಿದ.

"ಇದೆಂತ ಮಾರಾಯ ಇದು? ಇಷ್ಟು ದಿನ ಬೆಂಚಿನಲ್ಲಿ ಕೂರಿಸಿ ಟಿಕೆಟ್ ಕೊಡದೆ ಕಳಿಸಿದ ಹಾಗೆ. ಬರೆದವನಿಗೇ ಗೊತ್ತಿಲ್ಲ ಇದು!"

ಅದೇ ದನಿಯಲ್ಲಿ ಅದನ್ನೇ ನಾನು ಅಮ್ಮನಿಗೆ ಹೇಳಿದೆ. ಅವಳು ನನ್ನ ಮುಖ ನೋಡಿದಳು.

"ಏನೂ ಹೇಳಲೇ ಇಲ್ಲವಾ?"

"ಇಲ್ಲ ಮಾಂಯ್. ಮುಗಿಯಿತು."

ಮರುದಿನ ಬೆಳಿಗ್ಗೆ ಅಮ್ಮ ಇಗರ್ಜಿಗೆ ಉಡುವ ಸೀರೆ ಉಟ್ಟಳು. ಭಾನುವಾರ ಅಲ್ಲ, ಹಬ್ಬ ಅಲ್ಲ. ಅಜ್ಜಿ ಎಲ್ಲಿಗೆ ಎಂದು ಕೇಳಿದರೆ ಇಲ್ಲೇ ಎಂದಳು. ನನ್ನ ತಲೆಗೆ ನೀರು ಹಚ್ಚಿ ಬಾಚಿ, ಕೈ ಹಿಡಿದು ಹೊರಟಳು. ದಾರಿಯಲ್ಲಿ ಹೇಳಿದಳು.

"ಮಣಿಪಾಲಕ್ಕೆ ಹೋಗುವ. ಅಲ್ಲಿ ದೊಡ್ಡ ದೊಡ್ಡವರು ಇರ್ತಾರೆ, ನನಗೆ ಅವರ ಮಾತು ಬರುದಿಲ್ಲ. ನೀನು ಮಾತಾಡು. ನಿನಗೆ ಎಲ್ಲರ ಮಾತೂ ಬರ್ತದಲ್ಲ."

"ಎಂತ ಹೇಳಬೇಕು?"

"ಭರಣಿ ನೋಡಬೇಕು ಅಂತ ಹೇಳು. ನಾನು ನೋಡಿದರೆ ನನಗೆ ಗೊತ್ತಾಗ್ತದೆ."

ಆಗ ನನಗೆ ಅರ್ಥವಾಯಿತು. ಅಣಕಿಸಲು ಯಾವ ದನಿಯೂ ಸಿಗಲಿಲ್ಲ. ನಿಲ್ದಾಣದಲ್ಲಿ ಬಸ್ ನಿಂತಿತ್ತು, ಇಂಜಿನ್ ಗುರುಗುಟ್ಟುತ್ತಿತ್ತು. ಪಪ್ಪ ಬಾಗಿಲ ಹತ್ತಿರ ನಿಂತು ಒಂದು ಕೈಯಿಂದ ಬಸ್ಸಿನ ಬದಿಗೆ ತಟ್ಟುತ್ತ ಕೂಗುತ್ತಿದ್ದರು.

"ಮಣಿಪಾಲ್ ಉಡುಪಿ! ಮಣಿಪಾಲ್ ಉಡುಪಿ! ಬೇಗ ಹತ್ತಿ, ಬೇಗ ಹತ್ತಿ, ಒಳಗೆ ಜಾಗ ಉಂಟು!"

ಅಮ್ಮ ಹೋಗಿ ಹತ್ತಿದಳು. ಪಪ್ಪ ಮೊದಲು ಸೀರೆ ನೋಡಿದರು, ಆಮೇಲೆ ನನ್ನನ್ನು, ಆಮೇಲೆ ಅವಳನ್ನು.

"ಎಲ್ಲಿಗೆ?"

"ಮಣಿಪಾಲಕ್ಕೆ. ನೀವೇ ಕೂಗಿದ್ದಲ್ಲ."

ಬಸ್ಸಿನೊಳಗೆ ಒಬ್ಬಿಬ್ಬರು ನಕ್ಕರು. ಪಪ್ಪ ಮೆಟ್ಟಿಲಿಗೆ ಬಂದು ದನಿ ತಗ್ಗಿಸಿದರು. ಆದರೆ ಅವರ ದನಿ ತಗ್ಗಿದರೂ ಬಸ್ಸಿನ ಕೊನೆಯ ಸೀಟಿಗೆ ಕೇಳುವಂಥದ್ದು.

"ಮಣಿಪಾಲದಲ್ಲಿ ಎಂತ ಉಂಟು? ಇಳಿ. ಜನ ನೋಡ್ತಿದ್ದಾರೆ."

"ಮಗುವನ್ನು ಭರಣಿಯಲ್ಲಿ ಇಡ್ಲಿಕ್ಕೆ ಕೊಟ್ಟಿರಾ?" ಎಂದಳು ಅಮ್ಮ. ಅವಳೂ ದನಿ ತಗ್ಗಿಸಲಿಲ್ಲ. "ತಮಿ ಎಲ್ಲಿಂದ ಬಂತು, ತಮಿ ಎಲ್ಲಿಂದ ಬಂತು ಅಂತ ಊರಿಡೀ ಕೇಳಿದ್ರಿ. ಅದು ಬರೆದವನಿಗೇ ಗೊತ್ತಿಲ್ಲ ಅಂತೆ. ನಮ್ಮದು ಎಲ್ಲಿಗೆ ಹೋಯಿತು ಅಂತ ನಿಮಗೆ ಗೊತ್ತುಂಟು. ಹೇಳಿ. ಇಲ್ಲದಿದ್ರೆ ನಾನು ಹೋಗಿ ನೋಡ್ತೇನೆ."

ಯಾರೂ ನಗಲಿಲ್ಲ. ಕಂಡಕ್ಟರ್ ಸೀಟಿಯನ್ನು ತುಟಿಗೆ ಇಟ್ಟವನು ಊದದೆ ನಿಂತ. ಅಂಗಡಿಯಿಂದ ಶೀನಣ್ಣ ಇಳಿದು ಬಂದಿದ್ದ.

"ಪೊರ್ಬುಗಳೇ, ನೀವು ಬಾಯಮ್ಮನನ್ನು ಕರ್ಕೊಂಡು ಹೋಗಿ. ಬಸ್ಸು ನಾನು ಬಿಡ್ತೇನೆ" ಎಂದ. ಕ್ರಿಸ್ತರ ಗಂಡಸರನ್ನು ಪೊರ್ಬು, ಹೆಂಗಸರನ್ನು ಬಾಯಮ್ಮ ಎಂದು ನಮ್ಮ ಕಡೆ ತುಳುವರು ಮರ್ಯಾದೆಯಿಂದ ಕರೆಯುವುದು. ಪಪ್ಪ ಕೈಚಾಚಿದರು. ಅಮ್ಮ ಕೈ ಹಿಡಿಯದೆ ತಾನೇ ಇಳಿದಳು.

ಪೇಟೆ ದಾಟಿ ಇಗರ್ಜಿಯ ಏರುದಾರಿ ಹಿಡಿದೆವು. ಪಪ್ಪ ಮುಂದೆ, ಅಮ್ಮ ಹಿಂದೆ, ನಾನು ನಡುವೆ. ಬೇಸಿಗೆಯ ಬಿಸಿಲಿಗೆ ಕೆಂಪುಕಲ್ಲಿನ ದಾರಿ ಕಾದು ಅಂಗಾಲು ಸುಡುತ್ತಿತ್ತು. ಪಪ್ಪ ಹಿಂದೆ ತಿರುಗದೆ, ದಾರಿಗೆ ಹೇಳುವಂತೆ ಹೇಳಿದರು.

"ಅದು ಉಸಿರಿಲ್ಲದೆ ಹುಟ್ಟಿದ್ದಲ್ಲ."

ಅಮ್ಮ ನಡೆಯುತ್ತಲೇ ಇದ್ದಳು. ಪಪ್ಪ ಮುಂದುವರಿಸಿದರು.

"ಗಂಡು. ಅತ್ತಿತು. ನಿನಗೆ ಬೋಧ ತಪ್ಪಿತ್ತು. ಸೂಲಗಿತ್ತಿ ನನ್ನ ಕೈಯಲ್ಲಿಟ್ಟು, ಪೊರ್ಬುಗಳೇ, ಇದು ಉಳಿಯುವ ಹಾಗೆ ಕಾಣುದಿಲ್ಲ, ನಿಮ್ಮದು ಎಂತ ಶಾಸ್ತ್ರ ಉಂಟೋ ಬೇಗ ಮಾಡಿ ಅಂದಳು. ನಾನು ಪಾದ್ರಿಗಳನ್ನು ಕರ್ಕೊಂಡು ಬರ್ಲಿಕ್ಕೆ ಓಡಿದೆ."

ಇಲ್ಲಿ ಒಂದು ವಿಷಯ ಹೇಳಬೇಕು. ಸಾಯುವ ಮಗುವಿಗೆ ಜ್ಞಾನಸ್ನಾನ ಕೊಡಲು ಪಾದ್ರಿಯೇ ಬೇಕೆಂದಿಲ್ಲ. ಮನೆಯ ಯಾರಾದರೂ ಒಂದು ಲೋಟ ನೀರು ತಲೆಗೆ ಸುರಿದು, ಇಂಥ ಹೆಸರಿನವನೇ, ಪಿತನ, ಪುತ್ರನ, ಪವಿತ್ರಾತ್ಮನ ಹೆಸರಿನಲ್ಲಿ ನಿನಗೆ ಜ್ಞಾನಸ್ನಾನ ಕೊಡುತ್ತೇನೆ ಎಂದರೆ ಸಾಕು. ಇದನ್ನು ಚಿಕ್ಕಂದಿನಲ್ಲಿ ನಮಗೆಲ್ಲ ಬಾಯಿಪಾಠ ಮಾಡಿಸುತ್ತಾರೆ. ಪಪ್ಪನಿಗೂ ಮಾಡಿಸಿದ್ದರು.

"ಪಾದ್ರಿಗಳನ್ನು ಸೈಕಲ್ಲಿನ ಕ್ಯಾರಿಯರಿನಲ್ಲಿ ಕೂರಿಸಿ ಬಂದೆ. ಬರುವಾಗ ಮುಗಿದಿತ್ತು. 'ಪಾಸ್ಕಾಲ್, ನೀನೇ ನೀರು ಹಾಕಬಹುದಿತ್ತಲ್ಲ, ಮರೆತೆಯಾ?' ಅಂತ ಕೇಳಿದರು. ಮರೆತಿರಲಿಲ್ಲ."

"ಮತ್ತೆ?" ಎಂದಳು ಅಮ್ಮ.

ಪಪ್ಪ ನಿಂತರು. ತಿರುಗಿದರು. ಬೆವರು ಗಲ್ಲದಿಂದ ಇಳಿಯುತ್ತಿತ್ತು.

"ಈ ಬಾಯಿಂದ ಹೇಗೆ ಹೇಳುದು? ಬೆಳಿಗ್ಗೆಯಿಂದ ಡ್ರೈವರಿಗೆ ಬೈದ ಬಾಯಿ. ಕಾರ್ಕಳ, ಉಡುಪಿ ಅಂತ ಬೊಬ್ಬೆ ಹೊಡೆಯುವ ಬಾಯಿ. ದೇವರ ಮಾತು ಇದರಲ್ಲಿ ಬಂದರೆ ಸಲ್ತದಾ ಅಂತ ಹೆದರಿದೆ. ಪಾದ್ರಿಗಳು ಬಂದರೆ ಸರಿಯಾಗಿ ಆಗ್ತದೆ ಅಂತ. ಸರಿಯಾಗಿ ಆಗಲಿ ಅಂತಲೇ ಓಡಿದ್ದು."

ಅಮ್ಮ ಅವರನ್ನು ದಾಟಿ ಮುಂದೆ ನಡೆದಳು. ಸ್ಮಶಾನದ ಗೋಡೆ ಸುತ್ತಿ ಹಿಂಬದಿಗೆ ಹೋದೆವು. ಗೋಡೆಗೂ ಅದರಾಚೆಯ ಮುಳ್ಳುಬೇಲಿಗೂ ನಡುವೆ ಒಂದು ಉದ್ದನೆಯ ಪಟ್ಟಿ ಜಾಗ, ಒಣಹುಲ್ಲು, ಎಲ್ಲಿಯೂ ಶಿಲುಬೆಯಿಲ್ಲ, ಹೆಸರಿಲ್ಲ. ಪಪ್ಪ ಒಂದು ಕಡೆ ನಿಂತು ಇಲ್ಲಿ ಎಂದರು. ಆಮೇಲೆ ಹುಲ್ಲು ಸರಿಸಿ ನೋಡಿ, ಅಲ್ಲ, ಆಚೆ, ಎಂದರು. ಒಂದು ಕಲ್ಲು ಇಟ್ಟಿದ್ದರಂತೆ. ಗೋಡೆ ರಿಪೇರಿಗೆಂದು ತಂದ ಕೆಂಪುಕಲ್ಲುಗಳು ಪಟ್ಟಿಯುದ್ದಕ್ಕೂ ಬಿದ್ದಿದ್ದವು. ಎಲ್ಲ ಕಲ್ಲುಗಳೂ ಅವರ ಕಲ್ಲಿನ ಹಾಗೇ ಇದ್ದವು. ಅವರು ಒಂದೊಂದನ್ನೇ ಮುಟ್ಟುತ್ತ ಹೋಗಿ ಕೊನೆಗೆ ಕೈಬಿಟ್ಟು ನಿಂತರು.

"ನನಗೆ ಜಾಗ ಗೊತ್ತಾಗುದಿಲ್ಲ" ಎಂದರು. ಆ ಮನುಷ್ಯ ಅಳುವುದನ್ನು ನಾನು ಮೊದಲ ಸಲ ಕೇಳಿದೆ. ಅದನ್ನು ಯಾವತ್ತೂ ಅಣಕಿಸಲಿಲ್ಲ.

ಅಮ್ಮ ಅಳಲಿಲ್ಲ. ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಆ ಪಟ್ಟಿಯನ್ನು ಈ ತುದಿಯಿಂದ ಆ ತುದಿಯವರೆಗೆ ನೋಡಿದಳು. ಆಮೇಲೆ ನನಗೆ, "ಇಗರ್ಜಿಯ ಬಾವಿಯಲ್ಲಿ ಬಾಲ್ದಿ ಉಂಟು. ನೀರು ಸೇದಿ ತಾ" ಎಂದಳು. ತಂದೆ. ಅವಳು ಅದನ್ನು ಪಪ್ಪನ ಕೈಗೆ ಕೊಟ್ಟಳು.

"ಹಾಕಿ. ಹೇಳಿ."

"ಈಗ ಹೇಳಿ ಉಪಯೋಗ ಇಲ್ಲ. ಪಾದ್ರಿಗಳು ಕೇಳಿದರೆ..."

"ಉಪಯೋಗಕ್ಕಲ್ಲ. ನೀವು ಹೇಳಿದ್ದು ನನಗೆ ಕೇಳಬೇಕು. ಅವನ ಹೆಸರು ಮಾರ್ಸೆಲ್."

ಅವಳು ಆ ಹೆಸರನ್ನು ಊಟಕ್ಕೆ ಕರೆಯುವ ದನಿಯಲ್ಲಿ ಹೇಳಿದಳು. ಪಪ್ಪ ಶುರುಮಾಡಿದರು. ಮೊದಲು ಗಂಟಲಿನಿಂದ ಬರೀ ಗಾಳಿ ಬಂತು. ಎರಡನೆಯ ಬಾಲ್ದಿಗೆ ಮಾತು ಬಂತು. ಮಾರ್ಸೆಲ್, ಪಿತನ, ಪುತ್ರನ, ಎಂದು ಹೇಳುತ್ತ ಗೋಡೆಯ ಬುಡದಿಂದ ಸುರಿದರು. ಜಾಗ ಗೊತ್ತಿಲ್ಲದ ಕಾರಣ ಎಲ್ಲ ಕಡೆಯೂ ಸುರಿಯಬೇಕಾಯಿತು. ಕಾದ ನೆಲ ಚುಂಯ್ ಎಂದು ನೀರು ಕುಡಿದು ಮತ್ತೆ ಒಣಗಿದಂತೆ ಕಾಣುತ್ತಿತ್ತು. ನಾನು ಸೇದಿದೆ, ಪಪ್ಪ ಹೊತ್ತರು, ಅಲ್ಲಿ ಮಲಗಿದ್ದ ಇನ್ಯಾರ್ಯಾರ ಮಕ್ಕಳ ತಲೆಯ ಮೇಲೂ ಆ ಹೆಸರು, ಆ ನೀರು ಬಿತ್ತು. ನಡುವೆ ಪಾದ್ರಿಗಳು ತಮ್ಮ ಬಂಗಲೆಯ ಕಿಟಕಿಯಲ್ಲಿ ಕಾಣಿಸಿದರು. ಬಾಲ್ದಿ ಹಿಡಿದ ಪಪ್ಪನನ್ನು ನೋಡಿದರು. ಕಿಟಕಿಯ ಬಾಗಿಲನ್ನು ಮೆಲ್ಲಗೆ ಎಳೆದುಕೊಂಡರು. ಪಪ್ಪನ ಅಂಗಿ ಒದ್ದೆಯಾಗಿ ಮೈಗೆ ಅಂಟಿತ್ತು. ಸಾಕು ಎನ್ನುವ ಹಾಗೆ ಬಾಲ್ದಿ ಕೆಳಗಿಟ್ಟು ಅವರು ಅಮ್ಮನ ಕಡೆ ನೋಡಿದರು.

ಅಮ್ಮ ಬೇಲಿಯ ಬದಿಗೆ ಬೆರಳು ತೋರಿಸಿದಳು.

"ಆ ಮೂಲೆಗೆ ತಾಗಲಿಲ್ಲ" ಎಂದಳು. "ವಾಲ್ಟಿ, ಇನ್ನೊಂದು ಸೇದು."